ಅನುಮಾನದ ಗೆಳೆಯನ ಬಾಯಿ ಮುಚ್ಚಿಸಬೇಡಿ: ಪ್ಯಾರಾಮಿಕೊ ಬಳಸುವ ಬಗೆ

ಶಿರಸಿಯ ಸುತ್ತಮುತ್ತ ಒಂದು ಸಹಕಾರಿ ಸಂಘದ 11 ಶಾಖೆಗಳಿವೆ. ಒಂದೊಂದು ಶಾಖೆಯಲ್ಲೂ ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್. ಅಡಿಕೆ ತೂಕ, ಸಾಲ, ಬಡ್ಡಿ, ಕಿರಾಣಿಯ ಉದ್ರಿ ಎಲ್ಲ ಅದರೊಳಗೇ. ಅವುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೊದಲೆಲ್ಲ ಸಂಜೆ ಲೆಕ್ಕ ಮುಗಿದ ಮೇಲೆ ಒಂದೊಂದಕ್ಕೇ ಲಾಗಿನ್ ಆಗಿ, ಬ್ಯಾಕಪ್ ಕಮಾಂಡ್ ಹೊಡೆದು, ಫೈಲ್ ಎಳೆದುಕೊಳ್ಳುತ್ತಿದ್ದೆ. ಏಳಕ್ಕೆ ಕೂತರೆ ಏಳುವಾಗ ಒಂಬತ್ತು. ಮನೆಯಲ್ಲಿ ಅನ್ನ ಆರಿ ಹೋಗಿರುತ್ತಿತ್ತು.

ಈಗ ಆ ಕೆಲಸವನ್ನು ಸುಮಾರು ಇನ್ನೂರು ಸಾಲಿನ ಒಂದು ಪೈಥಾನ್ ಸ್ಕ್ರಿಪ್ಟ್ ಮಾಡುತ್ತದೆ. ಅದರ ಬೆನ್ನೆಲುಬು ಪ್ಯಾರಾಮಿಕೊ ಅನ್ನುವ ಲೈಬ್ರರಿ. ದೂರದ ಕಂಪ್ಯೂಟರಿಗೆ ಎಸ್‌ಎಸ್‌ಎಚ್ (ಗೂಢಲಿಪಿಯಲ್ಲಿ ಮಾತಾಡುವ ಸುರಕ್ಷಿತ ಪದ್ಧತಿ) ಮೂಲಕ ಪೈಥಾನಿನಿಂದಲೇ ಲಾಗಿನ್ ಆಗಲು ಇರುವುದು. ನಾನು ಮೊದಲು ಅದನ್ನು ತಪ್ಪಾಗಿ ಬಳಸಿದೆ. ಒಂಬತ್ತು ದಿನ ತಪ್ಪು ಅಂತಲೇ ಗೊತ್ತಾಗಲಿಲ್ಲ. ಆ ಕತೆಯನ್ನೂ ಹೇಳುತ್ತೇನೆ, ಸರಿಯಾದ ದಾರಿಯನ್ನೂ ಹೇಳುತ್ತೇನೆ.

ಒಂದು ಮಾತು ಮೊದಲೇ. ಇಲ್ಲಿ ಕೋಡನ್ನು ಬಾಯಲ್ಲಿ ಓದಿ ಹೇಳುವ ಹಾಗೆ ಬರೆದಿದ್ದೇನೆ. ನಮ್ಮಲ್ಲಿ ಕೆಲಸ ಕಲಿಯಲು ಬಂದ ಹುಡುಗಿಗೆ ಇದನ್ನೆಲ್ಲ ನಾನು ಫೋನಿನಲ್ಲೇ ಹೇಳಿಕೊಟ್ಟದ್ದು. ಅದೇ ರೂಢಿಯಾಗಿಬಿಟ್ಟಿದೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಕ್ಲಾಸ್ ಹೆಸರಿನಲ್ಲಿ ಪದಗಳು ಅಂಟಿಕೊಂಡಿರುತ್ತವೆ, ಪ್ರತಿ ಪದದ ಮೊದಲ ಅಕ್ಷರ ದೊಡ್ಡದು. ಎಸ್‌ಎಸ್‌ಎಚ್, ಎಸ್‌ಎಫ್‌ಟಿಪಿ ಅನ್ನುವ ಕಡೆ ಅಷ್ಟೂ ದೊಡ್ಡಕ್ಷರ. ಮೆಥಡ್ ಹೆಸರಿನಲ್ಲಿ ಎಲ್ಲ ಸಣ್ಣಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್.

ಹೆಸರಿನಲ್ಲೇ ಇದೆ

ಎಸ್ಪೆರಾಂಟೊ ಭಾಷೆಯಲ್ಲಿ ಅತಿ ಅನುಮಾನದವನು ಅನ್ನುವ ಪದಕ್ಕೆ ಗೆಳೆಯ ಅನ್ನುವ ಪದ ಸೇರಿಸಿ ಪ್ಯಾರಾಮಿಕೊ ಅಂತ ಹೆಸರಿಟ್ಟಿದ್ದಾರೆ. 2003ರಲ್ಲಿ ರೋಬಿ ಪಾಯಿಂಟರ್ ಅನ್ನುವವರು ಶುರುಮಾಡಿದ್ದು. ಆಮೇಲೆ ಜೆಫ್ ಫೋರ್ಸಿಯರ್ ನೋಡಿಕೊಂಡು ಬಂದಿದ್ದಾರೆ. ಎಸ್‌ಎಸ್‌ಎಚ್ ಎರಡನೇ ಆವೃತ್ತಿಯ ಮಾತುಕತೆಯನ್ನೆಲ್ಲ ಅದು ಪೈಥಾನಿನಲ್ಲೇ ಮಾಡುತ್ತದೆ. ಗೂಢಲಿಪಿಯ ಭಾರದ ಲೆಕ್ಕಗಳನ್ನು ಮಾತ್ರ ಕ್ರಿಪ್ಟೋಗ್ರಫಿ ಅನ್ನುವ ಇನ್ನೊಂದು ಲೈಬ್ರರಿಗೆ ಬಿಡುತ್ತದೆ.

ಅನುಮಾನ ಯಾಕೆ ಬೇಕು ಅಂತ ಕೇಳಬಹುದು. ಎಸ್‌ಎಸ್‌ಎಚ್ ಹುಟ್ಟಿದ್ದೇ ಅನುಮಾನದಿಂದ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡ್ ದೋಚಿದರು. ಅಲ್ಲಿದ್ದ ತಾತು ಯುಲೊನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದರು. ಫೈಲ್ ಸಾಗಿಸುವ ಎಫ್‌ಟಿಪಿ 21ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲ ಸಂಖ್ಯೆ), ದೂರದಿಂದ ಲಾಗಿನ್ ಆಗುವ ಟೆಲ್ನೆಟ್ 23. ನಡುವೆ 22 ಖಾಲಿ ಇತ್ತು, ಅದನ್ನೇ ಕೇಳಿ ಪಡೆದರು. ಇವತ್ತಿಗೂ ಅದೇ.

ದಾರಿಯಲ್ಲಿ ಕದ್ದು ಕೇಳುವವರಿಂದ ಕಾಪಾಡುವುದು ಅರ್ಧ ಕೆಲಸ. ಆಚೆ ತುದಿಯಲ್ಲಿ ಕೂತಿರುವುದು ನಿಜಕ್ಕೂ ನನ್ನ ಕಂಪ್ಯೂಟರೇನಾ ಅಂತ ನೋಡುವುದು ಇನ್ನರ್ಧ. ಎಷ್ಟೋ ಜನ ಈ ಎರಡನೆಯದನ್ನು ಒಂದೇ ಸಾಲಿನಲ್ಲಿ ಆಫ್ ಮಾಡಿಬಿಡುತ್ತಾರೆ. ನಾನೂ ಮಾಡಿದ್ದೆ.

ತೋಟದ ಪೈಪಿನ ಲೆಕ್ಕ

ಪ್ಯಾರಾಮಿಕೊದಲ್ಲಿ ಹತ್ತಾರು ಕ್ಲಾಸುಗಳಿವೆ. ದಿನದ ಕೆಲಸಕ್ಕೆ ನಾಲ್ಕೈದು ಗೊತ್ತಿದ್ದರೆ ಸಾಕು. ನನಗೆ ಅವು ತಲೆಗೆ ಹತ್ತಿದ್ದು ಅಪ್ಪನ ತೋಟದ ಡ್ರಿಪ್ ನೋಡಿದಾಗ.

ಬಾವಿಯಿಂದ ತೋಟಕ್ಕೆ ಒಂದು ಮೇನ್ ಪೈಪ್ ಬರುತ್ತದಲ್ಲ, ಅದು ಟ್ರಾನ್ಸ್‌ಪೋರ್ಟ್. ಗೂಢಲಿಪಿ, ಗುರುತು ನೋಡುವುದು, ಲಾಗಿನ್ ಎಲ್ಲ ಇದರದ್ದೇ ಕೆಲಸ. ಮೇನ್ ಪೈಪಿನಿಂದ ಸಾಲುಸಾಲಿಗೆ ಹೋಗುವ ಸಣ್ಣ ಪೈಪು ಚಾನೆಲ್. ಒಂದು ಕಮಾಂಡ್ ಕೊಟ್ಟರೆ ಒಂದು ಚಾನೆಲ್ ತೆರೆಯುತ್ತದೆ, ಮುಗಿದರೆ ಮುಚ್ಚುತ್ತದೆ. ಮೇನ್ ಪೈಪ್ ಹಾಗೇ ಇರುತ್ತದೆ. ಫೈಲ್ ಸಾಗಿಸುವ ಎಸ್‌ಎಫ್‌ಟಿಪಿಕ್ಲೈಂಟ್ ಕೂಡ ಅಂಥದ್ದೇ ಒಂದು ಚಾನೆಲ್ ಮೇಲೆ ಕೂತಿರುತ್ತದೆ. ಇವೆಲ್ಲವನ್ನೂ ಒಂದೇ ವಾಲ್ವ್ ತಿರುಗಿಸಿ ನಡೆಸುವ ಆಳು ಎಸ್‌ಎಸ್‌ಎಚ್‌ಕ್ಲೈಂಟ್. ನೀವು ಹೆಚ್ಚಿನ ಪಾಲು ಈ ಆಳಿನ ಹತ್ತಿರವೇ ಮಾತಾಡುತ್ತೀರಿ.

ಈ ಹೋಲಿಕೆ ನೆನಪಿಟ್ಟುಕೊಳ್ಳಿ. ಮುಂದೆ ಪೈಪು ಕಟ್ಟಿಕೊಳ್ಳುವ ಕತೆಯೂ ಬರುತ್ತದೆ.

ಇನ್‌ಸ್ಟಾಲ್ ಮಾಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಪ್ ಇನ್‌ಸ್ಟಾಲ್ ಪ್ಯಾರಾಮಿಕೊ, ಅಷ್ಟೇ. ಡೆಬಿಯನ್ 12ರಂಥ ಹೊಸ ಸಿಸ್ಟಮ್‌ಗಳಲ್ಲಿ ನೇರವಾಗಿ ಹಾಕಲು ಹೋದರೆ ಪಿಪ್ ತಡೆಯುತ್ತದೆ. ಅದರ ಜೊತೆ ಜಗಳಕ್ಕೆ ಇಳಿಯಬೇಡಿ. ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ (ಸ್ಕ್ರಿಪ್ಟಿಗಷ್ಟೇ ಬೇರೆ ಜಾಗ) ಮಾಡಿ ಅದರೊಳಗೆ ಹಾಕಿ.

ಪಾಸ್‌ವರ್ಡ್ ಡೈರಿಯನ್ನು ಸುಟ್ಟದ್ದು

ನನ್ನ ಹತ್ತಿರ ಒಂದು ಡೈರಿ ಇತ್ತು. 11 ಶಾಖೆ, ಆದರೆ ಪಾಸ್‌ವರ್ಡ್ ಒಂದೇ! ಕೊನೆಯಲ್ಲಿ ಶಾಖೆಯ ಹೆಸರೂ ಇರಲಿಲ್ಲ. ಸ್ಕ್ರಿಪ್ಟ್ ಒಳಗೂ ಅದನ್ನೇ ಬರೆದಿಟ್ಟಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಪಾಸ್‌ವರ್ಡ್ ಬಿಟ್ಟು ಕೀ ಜೋಡಿ ಮಾಡಿಕೊಳ್ಳಿ. ಎಸ್‌ಎಸ್‌ಎಚ್ ಕೀಜೆನ್ ಕಮಾಂಡಿಗೆ ಟಿ ಆಯ್ಕೆಯಲ್ಲಿ ಇಡಿ25519 ಅಂತ ಕೊಡಿ. ಎರಡು ಫೈಲ್ ಬರುತ್ತವೆ. ಡಾಟ್ ಪಬ್ ಅಂತ ಕೊನೆಯಾಗುವುದು ಊರಿಗೆಲ್ಲ ತೋರಿಸಬಹುದಾದದ್ದು. ಇನ್ನೊಂದು ನಿಮ್ಮದೇ, ಅದಕ್ಕೆ 600 ಪರ್ಮಿಶನ್ (ನೀವು ಮಾತ್ರ ಓದಿ ಬರೆಯುವ ಹಾಗೆ) ಕೊಟ್ಟು ಇಡಿ. ಪಬ್ ಫೈಲನ್ನು ಎಸ್‌ಎಸ್‌ಎಚ್ ಕಾಪಿ ಐಡಿ ಕಮಾಂಡಿನಿಂದ ಶಾಖೆಗೆ ಕಳಿಸಿದರೆ ಅದು ಆಥರೈಸ್ಡ್ ಕೀಸ್ ಫೈಲಿನಲ್ಲಿ ಹೋಗಿ ಕೂರುತ್ತದೆ.

ಆ ಆಥರೈಸ್ಡ್ ಕೀಸ್ ಫೈಲಿನಲ್ಲಿ ಕೀಯ ಮುಂದೆ ರಿಸ್ಟ್ರಿಕ್ಟ್ ಅನ್ನುವ ಒಂದು ಪದ ಸೇರಿಸಿ. ಓಪನ್‌ಎಸ್‌ಎಸ್‌ಎಚ್ 7.2ರಿಂದ ಈ ಸೌಲಭ್ಯ ಇದೆ. ಆಗ ಆ ಕೀ ಹಿಡಿದು ಬಂದವರಿಗೆ ಕಮಾಂಡ್ ಓಡಿಸಬಹುದು, ಆದರೆ ಪೋರ್ಟ್ ಫಾರ್ವರ್ಡ್ ಮಾಡಲು (ಅದರ ಮೂಲಕ ಬೇರೆ ಕಂಪ್ಯೂಟರಿಗೆ ದಾರಿ ಮಾಡಿಕೊಳ್ಳಲು), ಟರ್ಮಿನಲ್ ತೆರೆದು ಕೂರಲು ಆಗುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟಿಗೆ ಅಷ್ಟು ಸಾಕಲ್ವಾ.

ಒಂಬತ್ತು ದಿನ

ಈಗ ಆ ಕತೆ. ಇಂಟರ್‌ನೆಟ್ಟಿನಲ್ಲಿ ಪ್ಯಾರಾಮಿಕೊ ಉದಾಹರಣೆ ಹುಡುಕಿದರೆ ಹತ್ತರಲ್ಲಿ ಎಂಟು ಕಡೆ ಈ ಎರಡು ಸಾಲು ಸಿಗುತ್ತವೆ. ನಾನೂ ಅದನ್ನೇ ಎತ್ತಿ ಹಾಕಿಕೊಂಡಿದ್ದೆ:

ಕ್ಲೈಂಟ್ = ಪ್ಯಾರಾಮಿಕೊ.ಎಸ್‌ಎಸ್‌ಎಚ್‌ಕ್ಲೈಂಟ್()
ಕ್ಲೈಂಟ್.ಸೆಟ್_ಮಿಸ್ಸಿಂಗ್_ಹೋಸ್ಟ್_ಕೀ_ಪಾಲಿಸಿ(ಪ್ಯಾರಾಮಿಕೊ.ಆಟೋಆ್ಯಡ್‌ಪಾಲಿಸಿ())

ಎರಡನೇ ಸಾಲಿನ ಅರ್ಥ ಇಷ್ಟು: ಗುರುತಿಲ್ಲದ ಕಂಪ್ಯೂಟರ್ ಎದುರಾದರೆ ಕೇಳಬೇಡ, ಒಳಗೆ ಬಿಟ್ಟುಕೋ.

ನಮ್ಮ ಶಾಖೆಗಳು ಒಂದು ವಿಪಿಎನ್ (ಇಂಟರ್‌ನೆಟ್ ಮೇಲೆ ಹಾಕಿದ ಖಾಸಗಿ ದಾರಿ) ಮೂಲಕ ಮುಖ್ಯ ಕಚೇರಿಗೆ ಸೇರಿವೆ. ಒಂದು ಮಳೆಗಾಲ ಸಿಡಿಲಿಗೆ ವಿಪಿಎನ್ ಪೆಟ್ಟಿಗೆ ಸುಟ್ಟಿತು. ನಾನೇ ಹೊಸದು ಹಾಕಿದೆ. ಶಾಖೆಗಳಿಗೆ ವಿಳಾಸ ಕಟ್ಟಿಹಾಕುವುದನ್ನು ಮರೆತೆ. ಯಾರು ಮೊದಲು ಬಂದರೋ ಅವರಿಗೆ ಮೊದಲ ವಿಳಾಸ ಹೋಯಿತು. ಎರಡು ಶಾಖೆಗಳ ವಿಳಾಸ ಅದಲುಬದಲಾಯಿತು. ಎರಡು ಕಡೆಯೂ ಒಂದೇ ಯೂಸರ್, ಒಂದೇ ಪಾಸ್‌ವರ್ಡ್. ಸ್ಕ್ರಿಪ್ಟ್ ಖುಷಿಯಾಗಿ ಲಾಗಿನ್ ಆಯಿತು. ಈ ಊರಿನ ಬ್ಯಾಕಪ್ಪನ್ನು ಆ ಊರಿನ ಹೆಸರಿನಲ್ಲಿ, ಆ ಊರಿನದ್ದನ್ನು ಈ ಊರಿನ ಹೆಸರಿನಲ್ಲಿ ದಿನಾ ಇಟ್ಟುಕೊಂಡು ಬಂತು. ದಿನಾ ಸಂಜೆ ನನಗೆ "11 ಸರಿ" ಅಂತ ಮೆಸೇಜ್.

ಹತ್ತನೇ ದಿನ ಅದರಲ್ಲಿ ಒಂದು ಶಾಖೆಯ ಡಿಸ್ಕ್ ಕೆಟ್ಟಿತು. ಹೊಸ ಡಿಸ್ಕ್ ಹಾಕಿ ಬ್ಯಾಕಪ್ ಇಳಿಸಿದೆ. ಗುಮಾಸ್ತರು ಪರದೆ ನೋಡಿ, "ಮೇಡಂ, ಈ ಸದಸ್ಯರು ಯಾರೂ ನಮ್ಮೂರಿನವರಲ್ಲ" ಅಂದರು.

ಸರಿಯಾದ ಫೈಲ್ ಪಕ್ಕದ ಫೋಲ್ಡರಿನಲ್ಲೇ ಇತ್ತು, ಪುಣ್ಯ. ಸಂಜೆಯೊಳಗೆ ಸರಿಹೋಯಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ವಿಳಾಸದಲ್ಲಿ ನನ್ನದೇ ಇನ್ನೊಂದು ಕಂಪ್ಯೂಟರ್ ಇತ್ತು, ಸರಿ. ಬೇರೆ ಯಾರದೋ ಇದ್ದಿದ್ದರೆ? ಸ್ಕ್ರಿಪ್ಟ್ ಅವರ ಕೈಗೇ ಪಾಸ್‌ವರ್ಡ್ ಕೊಟ್ಟು ಬರುತ್ತಿತ್ತು.

ಆಮೇಲೆ ಕೂತು ಓದಿದಾಗ ಇನ್ನೊಂದು ಸೂಕ್ಷ್ಮ ಗೊತ್ತಾಯಿತು. ಆಟೋಆ್ಯಡ್‌ಪಾಲಿಸಿ ಒಂದೇ ತಪ್ಪಲ್ಲ. ಮೊದಲೇ ಗೊತ್ತಿರುವ ಕಂಪ್ಯೂಟರಿನ ಹೋಸ್ಟ್ ಕೀ (ಅದು ತನ್ನ ಗುರುತಿಗೆ ತೋರಿಸುವ ಕೀ) ಬದಲಾದರೆ ಆ ಪಾಲಿಸಿ ಇದ್ದರೂ ಪ್ಯಾರಾಮಿಕೊ ಬ್ಯಾಡ್‌ಹೋಸ್ಟ್‌ಕೀಎಕ್ಸೆಪ್ಶನ್ ಎಸೆದು ನಿಲ್ಲುತ್ತದೆ. ನನ್ನದು ನಿಲ್ಲಲಿಲ್ಲ. ಯಾಕೆಂದರೆ ನಾನು ಗೊತ್ತಿರುವವರ ಪಟ್ಟಿಯನ್ನೇ ಓದಿಸಿರಲಿಲ್ಲ. ಪಟ್ಟಿ ಖಾಲಿ ಇದ್ದರೆ ದಿನಾ ಎಲ್ಲರೂ ಹೊಸಬರೇ. ಹೊಸಬರೆಲ್ಲ ಒಳಗೆ ಬನ್ನಿ ಅಂತ ಪಾಲಿಸಿ. ಎರಡೂ ಸೇರಿ ಬಾಗಿಲು ಹಾರು ಹೊಡೆದಿತ್ತು.

ಸರಿಯಾದ ದಾರಿ

ಪ್ರತಿ ಶಾಖೆಯ ಹೋಸ್ಟ್ ಕೀಯನ್ನು ಒಮ್ಮೆ ಕೈಯಾರೆ ಖಾತ್ರಿ ಮಾಡಿಕೊಳ್ಳಿ. ಶಾಖೆಯ ಕಂಪ್ಯೂಟರ್ ಮುಂದೆ ಕೂತವರಿಗೆ ಫೋನ್ ಮಾಡಿ. ಎಸ್‌ಎಸ್‌ಎಚ್ ಕೀಜೆನ್ ಕಮಾಂಡಿಗೆ ಎಲ್‌ಎಫ್ ಆಯ್ಕೆ ಕೊಟ್ಟು, ಇಟಿಸಿ ಫೋಲ್ಡರಿನ ಒಳಗಿನ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿರುವ ಇಡಿ25519 ಹೋಸ್ಟ್ ಕೀಯ ಪಬ್ ಫೈಲ್ ತೋರಿಸಲು ಹೇಳಿ. ಎಸ್‌ಎಚ್‌ಎ256 ಅಂತ ಶುರುವಾಗಿ 43 ಅಕ್ಷರದ ಒಂದು ಸಾಲು ಬರುತ್ತದೆ. ಅದು ಆ ಕಂಪ್ಯೂಟರಿನ ಹೆಬ್ಬೆಟ್ಟು. ನೀವು ಇಲ್ಲಿಂದ ಸಾದಾ ಎಸ್‌ಎಸ್‌ಎಚ್ ಕಮಾಂಡಿನಲ್ಲಿ ಮೊದಲ ಸಲ ಸೇರುವಾಗ ಅದೇ ಸಾಲು ಕಾಣಿಸುತ್ತದೆ. ಎರಡನ್ನೂ ಅಕ್ಷರ ಅಕ್ಷರ ತಾಳೆ ನೋಡಿ, ಆಮೇಲೆ ಯೆಸ್ ಒತ್ತಿ. ಆಗ ನೋನ್ ಹೋಸ್ಟ್ಸ್ ಫೈಲಿಗೆ ಸೇರುವ ಕೀ ಸಾಲುಗಳನ್ನು, 11 ಶಾಖೆಗಳದ್ದನ್ನೂ, ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ನನ್ನದರ ಹೆಸರು ಶಾಖೆ_ಕೀಗಳು, ಕೆಳಗಿನ ಕೋಡಿನ ಕೀ_ಪಟ್ಟಿ ಅಂದರೆ ಅದರ ಪಾತ್.

ಕೋಡಿನಲ್ಲಿ ಈಗ ಹೀಗಿದೆ:

ಕ್ಲೈಂಟ್ = ಪ್ಯಾರಾಮಿಕೊ.ಎಸ್‌ಎಸ್‌ಎಚ್‌ಕ್ಲೈಂಟ್()
ಕ್ಲೈಂಟ್.ಲೋಡ್_ಹೋಸ್ಟ್_ಕೀಸ್(ಕೀ_ಪಟ್ಟಿ)
ಕ್ಲೈಂಟ್.ಕನೆಕ್ಟ್(ವಿಳಾಸ, ಯೂಸರ್‌ನೇಮ್=ಯೂಸರ್, ಕೀ_ಫೈಲ್‌ನೇಮ್=ಕೀ, ಟೈಮ್‌ಔಟ್=15)

ಪಾಲಿಸಿಯ ಸಾಲೇ ಇಲ್ಲ, ನೋಡಿ. ನೀವು ಏನೂ ಹೇಳದಿದ್ದರೆ ಪ್ಯಾರಾಮಿಕೊ ರಿಜೆಕ್ಟ್‌ಪಾಲಿಸಿಯಲ್ಲೇ ಇರುತ್ತದೆ. ಅಂದರೆ ಗುರುತಿಲ್ಲದವರನ್ನು ಹೊರಗೇ ನಿಲ್ಲಿಸುತ್ತದೆ. ಬರೆದವರು ಬೇಕೆಂದೇ ಹಾಗೆ ಇಟ್ಟಿದ್ದಾರೆ.

ಲೋಡ್ ಸಿಸ್ಟಮ್ ಹೋಸ್ಟ್ ಕೀಸ್ ಅಂತ ಇನ್ನೊಂದು ಮೆಥಡ್ ಇದೆ. ಅದು ನಿಮ್ಮ ಹೋಮ್ ಫೋಲ್ಡರಿನ ನೋನ್ ಹೋಸ್ಟ್ಸ್ ಫೈಲನ್ನು ತಾನೇ ಹುಡುಕಿ ಓದುತ್ತದೆ. ಸುಲಭ, ಆದರೆ ಫೈಲ್ ಸಿಗದಿದ್ದರೆ ಸುಮ್ಮನೆ ಇದ್ದುಬಿಡುತ್ತದೆ. ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ವ್ಯವಸ್ಥೆ) ನಿಮ್ಮ ಸ್ಕ್ರಿಪ್ಟನ್ನು ಬೇರೆ ಯೂಸರ್ ಹೆಸರಿನಲ್ಲಿ ಓಡಿಸಿದರೆ ಹೋಮ್ ಫೋಲ್ಡರೇ ಬೇರೆ, ಪಟ್ಟಿ ಖಾಲಿ. ಲೋಡ್ ಹೋಸ್ಟ್ ಕೀಸ್ ಹಾಗಲ್ಲ. ಕೊಟ್ಟ ಫೈಲ್ ಇಲ್ಲದಿದ್ದರೆ ಅಲ್ಲೇ ಕೂಗಿಕೊಳ್ಳುತ್ತದೆ. ನನಗೆ ಕೂಗಿಕೊಳ್ಳುವುದೇ ಇಷ್ಟ.

ಕನೆಕ್ಟ್ ಮೆಥಡ್ಡಿಗೆ ಇನ್ನೂ ಎರಡು ಮಾತು ಹೇಳಿಬಿಡಿ: ಲುಕ್_ಫಾರ್_ಕೀಸ್ ಫಾಲ್ಸ್, ಅಲೋ_ಏಜೆಂಟ್ ಫಾಲ್ಸ್. ಇಲ್ಲದಿದ್ದರೆ ನೀವು ಕೊಟ್ಟ ಕೀ ನಡೆಯದಾಗ ಅದು ನಿಮ್ಮ ಏಜೆಂಟಿನಲ್ಲಿರುವ (ಕೀಗಳನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಮಿನ) ಕೀ, ಫೋಲ್ಡರಿನಲ್ಲಿ ಬಿದ್ದಿರುವ ಕೀ ಎಲ್ಲವನ್ನೂ ಒಂದೊಂದಾಗಿ ತಿರುಗಿಸಿ ನೋಡುತ್ತದೆ. ಓಪನ್‌ಎಸ್‌ಎಸ್‌ಎಚ್ ಸರ್ವರ್ ಸಾಮಾನ್ಯವಾಗಿ 6 ಸಲಕ್ಕಿಂತ ಜಾಸ್ತಿ ಪ್ರಯತ್ನ ಸಹಿಸುವುದಿಲ್ಲ. ಕೀ_ಫೈಲ್‌ನೇಮ್ ಕೊಡದೆ ಬಿಟ್ಟವರಿಗೆ ಸರಿಯಾದ ಕೀ ಏಳನೆಯದ್ದಾಗಿದ್ದರೆ ಕೆಟ್ಟಿತು. ಕೀ ಸರಿ ಇದೆ, ಫೈಲ್ ಸರಿ ಇದೆ, ಆದರೂ ಬಾಗಿಲು ತೆರೆಯುತ್ತಿಲ್ಲ ಅಂತ ತಲೆ ಚಚ್ಚಿಕೊಳ್ಳುವುದು ಇಲ್ಲೇ.

ಪೈಪು ಕಟ್ಟಿಕೊಂಡಾಗ

ಒಳಗೆ ಹೋದ ಮೇಲೆ ಕಮಾಂಡ್ ಓಡಿಸುವುದು ಎಕ್ಸೆಕ್ ಕಮಾಂಡ್ ಮೆಥಡ್. ಅದು ಮೂರು ವಸ್ತು ಕೈಗೆ ಕೊಡುತ್ತದೆ: ನಾವು ಬರೆಯಬಹುದಾದ ಎಸ್‌ಟಿಡಿಇನ್, ಓದಬಹುದಾದ ಎಸ್‌ಟಿಡಿಔಟ್, ದೋಷಗಳು ಬರುವ ಎಸ್‌ಟಿಡಿಎರರ್. ಮೂರೂ ಫೈಲ್ ಥರವೇ ನಡೆದುಕೊಳ್ಳುತ್ತವೆ. ಕಮಾಂಡ್ ಗೆದ್ದಿತೋ ಸೋತಿತೋ ಅಂತ ತಿಳಿಯಲು ಎಸ್‌ಟಿಡಿಔಟ್.ಚಾನೆಲ್.ರಿಸೀವ್ ಎಕ್ಸಿಟ್ ಸ್ಟೇಟಸ್ ಅಂತ ಕೇಳಬೇಕು. ರಿಸೀವ್ ಅನ್ನುವುದನ್ನು ಕೋಡಿನಲ್ಲಿ ಮೊಟಕಾಗಿ ಆರ್‌ಇಸಿವಿ ಅಂತ ಬರೆಯುತ್ತಾರೆ. ಸೊನ್ನೆ ಬಂದರೆ ಗೆದ್ದಿತು.

ಇದನ್ನು ಕೇಳದೇ ಇರಬೇಡಿ. ಓಡಿದ ಕಮಾಂಡ್ ಸೋತಿತು ಅಂತ ಎಕ್ಸೆಕ್ ಕಮಾಂಡ್ ತಾನಾಗಿ ಎಕ್ಸೆಪ್ಶನ್ ಎಸೆಯುವುದಿಲ್ಲ. ಡಿಸ್ಕ್ ತುಂಬಿ ಡೇಟಾಬೇಸ್ ಡಂಪ್ (ಪೂರ್ತಿ ನಕಲು) ಅರ್ಧಕ್ಕೆ ನಿಂತರೂ ಅದಕ್ಕೆ ಕಮಾಂಡ್ ಓಡಿತು ಅಷ್ಟೇ.

ಕೇಳುವುದರಲ್ಲೂ ಒಂದು ಕ್ರಮವಿದೆ. ಮೊದಲು ಔಟ್‌ಪುಟ್ ಪೂರ್ತಿ ಓದಿ, ಆಮೇಲೆ ಸ್ಟೇಟಸ್ ಕೇಳಿ. ನಾನು ಉಲ್ಟಾ ಬರೆದಿದ್ದೆ. ಸಣ್ಣ ಶಾಖೆಗಳಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ದೊಡ್ಡ ಶಾಖೆಯಲ್ಲಿ ಮಾತ್ರ ಸ್ಕ್ರಿಪ್ಟ್ ನಿಂತಲ್ಲೇ ನಿಲ್ಲುತ್ತಿತ್ತು. ದೋಷವಿಲ್ಲ, ಮೆಸೇಜಿಲ್ಲ, ಕಲ್ಲಿನ ಹಾಗೆ.

ಡ್ರಿಪ್ ಪೈಪಿನ ತುದಿ ಮುಚ್ಚಿದರೆ ಏನಾಗುತ್ತದೆ? ಪೈಪು ತುಂಬುತ್ತದೆ, ನೀರು ನಿಲ್ಲುತ್ತದೆ. ಚಾನೆಲ್ಲಿಗೂ ಒಂದು ಅಳತೆ ಇದೆ. ಪ್ಯಾರಾಮಿಕೊದಲ್ಲಿ ಅದು ಮೊದಲೇ 2 ಎಂಬಿ ಅಂತ ಇಟ್ಟಿರುತ್ತದೆ. ನಾವು ಓದದೇ ಕೂತರೆ 2 ಎಂಬಿ ತುಂಬಿದ ಮೇಲೆ ಆ ಕಡೆಯ ಕಮಾಂಡ್ ಬರೆಯಲಾಗದೆ ಕಾಯುತ್ತದೆ. ಅದು ಮುಗಿಯಲಿ ಅಂತ ಈ ಕಡೆ ನಾವು ಕಾಯುತ್ತೇವೆ. ನೀನು ಮೊದಲು, ನೀನು ಮೊದಲು ಅಂತ ಬೆಳಗಿನವರೆಗೂ. ಸ್ಟೇಟಸ್ ಕೇಳುವ ಮೆಥಡ್ ಟೈಮ್‌ಔಟಿಗೂ ಜಗ್ಗುವುದಿಲ್ಲ. ಎಕ್ಸೆಕ್ ಕಮಾಂಡಿಗೆ ಕೊಟ್ಟ ಟೈಮ್‌ಔಟ್ ಓದುವ, ಬರೆಯುವ ಕೆಲಸಕ್ಕೆ ಮಾತ್ರ ಲಾಗೂ. ಇದು ಇನ್ನೊಂದು ಕಾರಣ, ಮೊದಲು ಓದಿ ಅನ್ನಲು.

ದೋಷದ ಸಾಲುಗಳೂ ಇದೇ ಚಾನೆಲ್ಲಿನ ಅಳತೆಯೊಳಗೇ ಬರುತ್ತವೆ. ಎಸ್‌ಟಿಡಿಔಟ್ ಒಂದನ್ನೇ ಓದುತ್ತ ಕೂತಾಗ ಎಸ್‌ಟಿಡಿಎರರ್ ತುಂಬಿದರೂ ಅದೇ ಗತಿ. ಬೇರೆ ಬೇರೆ ಬೇಡವಾದರೆ ಕಮಾಂಡಿನ ಕೊನೆಗೇ ಎರಡನ್ನೂ ಕೂಡಿಸಿಬಿಡಿ, ನಾವು ಶೆಲ್ಲಿನಲ್ಲಿ ಮಾಡುವ ಹಾಗೆ.

ಹೊಸಬರು ಎಡವುವ ಇನ್ನೊಂದು ಜಾಗ. ಒಂದು ಎಕ್ಸೆಕ್ ಕಮಾಂಡಿನಲ್ಲಿ ಸಿಡಿ ಮಾಡಿ ಫೋಲ್ಡರ್ ಬದಲಿಸುತ್ತಾರೆ, ಮುಂದಿನದರಲ್ಲಿ ಅಲ್ಲೇ ಇದ್ದೇವೆ ಅಂದುಕೊಳ್ಳುತ್ತಾರೆ. ಇಲ್ಲ. ಪ್ರತಿ ಕಮಾಂಡಿಗೂ ಹೊಸ ಚಾನೆಲ್, ಹೊಸ ಶೆಲ್. ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿ, ಅಥವಾ ಪೂರ್ತಿ ಪಾತ್ ಬರೆಯಿರಿ. ಲಾಗಿನ್ ಶೆಲ್ ಅಲ್ಲದ್ದರಿಂದ ನಿಮ್ಮ ಪ್ರೊಫೈಲ್ ಫೈಲಿನ ಸೆಟ್ಟಿಂಗುಗಳೂ ಅಲ್ಲಿ ಇರುವುದಿಲ್ಲ. "ನಾನು ಕೈಯಲ್ಲಿ ಓಡಿಸಿದರೆ ಬರುತ್ತದೆ, ಸ್ಕ್ರಿಪ್ಟಿನಲ್ಲಿ ಕಮಾಂಡ್ ಸಿಗುವುದಿಲ್ಲ ಅನ್ನುತ್ತದೆ ಅಕ್ಕಾ" ಅಂತ ಆ ಹುಡುಗಿ ಫೋನ್ ಮಾಡಿದ್ದು ಇದಕ್ಕೇ.

ಫೈಲ್ ಹೆಸರನ್ನು ಕಮಾಂಡಿನೊಳಗೆ ಸೇರಿಸುವಾಗ ಎಸ್‌ಎಚ್‌ಲೆಕ್ಸ್ ಮಾಡ್ಯೂಲಿನ ಕೋಟ್ ಫಂಕ್ಷನ್ ಮೂಲಕ ಹಾಯಿಸಿ. ಗುಮಾಸ್ತರು ಫೈಲಿಗೆ "ಮಾರ್ಚ್ ಕೊನೆ; ಹೊಸದು" ಅಂತ ಹೆಸರಿಟ್ಟರೆ ಆ ಅರ್ಧವಿರಾಮ ಶೆಲ್ಲಿಗೆ ಬೇರೆಯೇ ಅರ್ಥ ಕೊಡುತ್ತದೆ.

ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಬೇಕಾದರೆ ಪಾಸ್‌ವರ್ಡನ್ನು ಎಸ್‌ಟಿಡಿಇನ್ ಮೂಲಕ ತುರುಕುವ ಸರ್ಕಸ್ ಬೇಡ. ಆ ಒಂದು ಬ್ಯಾಕಪ್ ಕಮಾಂಡಿಗೆ ಮಾತ್ರ ಪಾಸ್‌ವರ್ಡ್ ಕೇಳದ ಹಾಗೆ ಸುಡೊಯರ್ಸ್ ಫೈಲಿನಲ್ಲಿ ಬರೆದಿಡಿ.

ಫೈಲ್ ತರುವುದು, ಒಯ್ಯುವುದು

ಕ್ಲೈಂಟ್.ಓಪನ್_ಎಸ್‌ಎಫ್‌ಟಿಪಿ ಅಂದರೆ ಎಸ್‌ಎಫ್‌ಟಿಪಿಕ್ಲೈಂಟ್ ಕೈಗೆ ಬರುತ್ತದೆ. ಗೆಟ್ ಅಂದರೆ ತರುವುದು, ಪುಟ್ ಅಂದರೆ ಒಯ್ಯುವುದು. ಪುಟ್ ಮಾಡುವಾಗ ಆ ಕಡೆಯ ಪಾತ್‌ನಲ್ಲಿ ಫೋಲ್ಡರ್ ಮಾತ್ರ ಕೊಟ್ಟರೆ ಸಾಲದು, ಫೈಲ್ ಹೆಸರೂ ಬೇಕು. ಇಲ್ಲದಿದ್ದರೆ ಫೇಲ್ಯೂರ್ ಅಂತ ಒಂದೇ ಪದ ಉಗುಳಿ ಸುಮ್ಮನಾಗುತ್ತದೆ. ಯಾಕೆ, ಏನು, ಹೇಳುವುದಿಲ್ಲ.

ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಬಡ್ಡಿ ದರದ ಫೈಲ್ ಅರ್ಧ ಹೋದಾಗ ಲೈನ್ ಕಡಿದರೆ ಶಾಖೆಯಲ್ಲಿ ಅರ್ಧ ಫೈಲ್ ಉಳಿಯುತ್ತದೆ. ಬೆಳಿಗ್ಗೆ ಸಾಫ್ಟ್‌ವೇರ್ ಅದನ್ನೇ ಓದುತ್ತದೆ. ಅದಕ್ಕೆ ಯಾವಾಗಲೂ ಬೇರೆ ಹೆಸರಿಗೆ ಕಳಿಸಿ, ಕೊನೆಗೆ ಡಾಟ್ ಪಾರ್ಟ್ ಅಂತ ಹಚ್ಚಿ. ಪೂರ್ತಿ ಹೋದ ಮೇಲೆ ಪೋಸಿಕ್ಸ್ ರೀನೇಮ್ ಮೆಥಡ್ಡಿನಿಂದ ನಿಜವಾದ ಹೆಸರು ಕೊಡಿ. ಬರೀ ರೀನೇಮ್ ಅನ್ನುವ ಮೆಥಡ್ಡೂ ಇದೆ, ಆದರೆ ಆ ಹೆಸರಿನ ಹಳೇ ಫೈಲ್ ಇದ್ದರೆ ಅದು ಒಪ್ಪುವುದಿಲ್ಲ. ಪೋಸಿಕ್ಸ್ ಅನ್ನುವುದು ಹಳೆಯದನ್ನು ಒಂದೇ ಏಟಿಗೆ ಬದಲಿಸುತ್ತದೆ.

ಪುಟ್ ಮುಗಿದ ಮೇಲೆ ಪ್ಯಾರಾಮಿಕೊ ತಾನೇ ಆ ಕಡೆಯ ಫೈಲಿನ ಗಾತ್ರ ನೋಡಿ ತಾಳೆ ಹಾಕುತ್ತದೆ. ನಾನು ಅಷ್ಟಕ್ಕೆ ಬಿಡುವುದಿಲ್ಲ. ಎರಡೂ ಕಡೆ ಎಸ್‌ಎಚ್‌ಎ256 ಮೊತ್ತ ತೆಗೆದು ನೋಡುತ್ತೇನೆ. ಒಮ್ಮೆ ಸುಟ್ಟುಕೊಂಡವಳು ನಾನು.

ಮಳೆಗಾಲಕ್ಕೆ ಬೇಕಾದ್ದು

ಡಂಪ್ ಮಾಡುವ ಕಮಾಂಡ್ ಐದು ನಿಮಿಷ ಏನೂ ಮಾತಾಡುವುದಿಲ್ಲ. ನಡುವಿನ ಮೋಡೆಮ್ಮು, ರೂಟರು "ಇವರ ಕೆಲಸ ಮುಗಿದಿರಬೇಕು" ಅಂತ ಲೈನ್ ಮರೆತುಬಿಡುತ್ತವೆ. ಕನೆಕ್ಟ್ ಆದ ತಕ್ಷಣ ಕ್ಲೈಂಟ್.ಗೆಟ್_ಟ್ರಾನ್ಸ್‌ಪೋರ್ಟ್ ಮೂಲಕ ಮೇನ್ ಪೈಪನ್ನು ಹಿಡಿದು ಸೆಟ್_ಕೀಪ್‌ಅಲೈವ್ 30 ಅನ್ನಿ. 30 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗುತ್ತಿರುತ್ತದೆ. ಟೈಮ್‌ಔಟ್ ಜೊತೆಗೆ ಬ್ಯಾನರ್_ಟೈಮ್‌ಔಟ್, ಆಥ್_ಟೈಮ್‌ಔಟ್ ಕೂಡ ಕೊಡಿ. ಹಳೇ ಕಂಪ್ಯೂಟರುಗಳು ಬಾಗಿಲು ತೆರೆಯಲು ನಿಧಾನ.

ಲೈನ್ ಸಿಗದಿದ್ದರೆ ಮತ್ತೆ ಪ್ರಯತ್ನಿಸಬೇಕು, ಸರಿ. ಆದರೆ ಯಾವ ಸೋಲಿಗೆ ಮತ್ತೆ ಪ್ರಯತ್ನ, ಯಾವುದಕ್ಕೆ ಅಲ್ಲ ಅನ್ನುವುದು ಮುಖ್ಯ. ನೋವ್ಯಾಲಿಡ್‌ಕನೆಕ್ಷನ್ಸ್‌ಎರರ್ ಅಂದರೆ ಆ ಕಡೆ ಯಾರೂ ಎತ್ತುತ್ತಿಲ್ಲ. ಇದು ಸಾಕೆಟ್ ದೋಷಗಳ ಮನೆಯದು, ಎಸ್‌ಎಸ್‌ಎಚ್‌ಎಕ್ಸೆಪ್ಶನ್ ಮನೆಯದಲ್ಲ. ಬೇರೆಯಾಗಿ ಹಿಡಿಯಬೇಕು. ಇದಕ್ಕೆ ಎರಡು ನಿಮಿಷ ಬಿಟ್ಟು ಮೂರು ಸಲ ಪ್ರಯತ್ನಿಸುತ್ತೇನೆ. ಆಥೆಂಟಿಕೇಶನ್‌ಎಕ್ಸೆಪ್ಶನ್ ಬಂದರೆ ಒಂದೇ ಸಲ, ನಿಲ್ಲಿಸಿ ನನಗೆ ಮೆಸೇಜ್. ಬ್ಯಾಡ್‌ಹೋಸ್ಟ್‌ಕೀಎಕ್ಸೆಪ್ಶನ್ ಬಂದರೆ ಆ ಶಾಖೆಯನ್ನು ಮುಟ್ಟುವುದೇ ಇಲ್ಲ, ನನಗೆ ಫೋನ್ ಗಂಟೆ ಹೊಡೆಯುತ್ತದೆ. ಈ ಎರಡೂ ಎಸ್‌ಎಸ್‌ಎಚ್‌ಎಕ್ಸೆಪ್ಶನ್ನಿನ ಮಕ್ಕಳು. ಅಮ್ಮನನ್ನು ಮೊದಲು ಹಿಡಿದರೆ ಮಕ್ಕಳು ಪ್ರತ್ಯೇಕವಾಗಿ ಕೈಗೆ ಸಿಗುವುದಿಲ್ಲ. ಎಕ್ಸೆಪ್ಟ್ ಸಾಲುಗಳಲ್ಲಿ ಮಕ್ಕಳು ಮೇಲೆ, ಅಮ್ಮ ಕೆಳಗೆ.

ಕೆಲಸ ಮುಗಿದ ಮೇಲೆ ಕ್ಲೋಸ್ ಮಾಡಿ. ವಿತ್ ಬಳಸಿದರೆ ಅದೇ ಮಾಡಿಕೊಳ್ಳುತ್ತದೆ. ಒಂದು ಎಚ್ಚರ ಮಾತ್ರ. ಫಂಕ್ಷನ್ನಿನೊಳಗೆ ಕ್ಲೈಂಟ್ ಮಾಡಿ, ಎಸ್‌ಟಿಡಿಔಟ್ ಮಾತ್ರ ಹೊರಗೆ ರಿಟರ್ನ್ ಮಾಡಿದರೆ ಕ್ಲೈಂಟ್ ಅಲ್ಲೇ ಸತ್ತುಹೋಗುತ್ತದೆ, ಜೊತೆಗೆ ಪೈಪೂ ಮುಚ್ಚುತ್ತದೆ. ಓದುವುದನ್ನೆಲ್ಲ ಒಳಗೇ ಓದಿ ಹೊರಗೆ ಕೊಡಿ.

ಕ್ಲಾಸನ್ನು ನಮ್ಮದು ಮಾಡಿಕೊಳ್ಳುವುದು

ಆಬ್ಜೆಕ್ಟ್ ಓರಿಯೆಂಟೆಡ್ ಅನ್ನುವುದರ ನಿಜವಾದ ಲಾಭ ನನಗೆ ಸಿಕ್ಕಿದ್ದು ಎರಡು ಕಡೆ.

ಮೊದಲನೆಯದು ಪಾಲಿಸಿ. ರಿಜೆಕ್ಟ್‌ಪಾಲಿಸಿ ಸರಿಯೇ, ಆದರೆ ಅದು ಗೊತ್ತಿಲ್ಲದ ಸರ್ವರ್ ಅಂತ ಒಂದು ಒಣ ಸಾಲು ಹೇಳಿ ನಿಲ್ಲುತ್ತದೆ. ನನಗೆ ಎದುರಿನವರ ಹೆಬ್ಬೆಟ್ಟೂ ಬೇಕಿತ್ತು. ಮಿಸ್ಸಿಂಗ್‌ಹೋಸ್ಟ್‌ಕೀಪಾಲಿಸಿ ಕ್ಲಾಸಿನಿಂದ ನನ್ನದೇ ಒಂದು ಕ್ಲಾಸ್ ಇಳಿಸಿದೆ. ಬರೆಯಬೇಕಾದ್ದು ಒಂದೇ ಮೆಥಡ್, ಮಿಸ್ಸಿಂಗ್_ಹೋಸ್ಟ್_ಕೀ. ಅದಕ್ಕೆ ಕ್ಲೈಂಟ್, ಹೋಸ್ಟ್ ಹೆಸರು, ಕೀ ಮೂರೂ ಬರುತ್ತವೆ. ಕೀಯ ಬೈಟುಗಳನ್ನು ಆ್ಯಸ್‌ಬೈಟ್ಸ್ ಮೆಥಡ್ಡಿನಿಂದ ತೆಗೆದು, ಎಸ್‌ಎಚ್‌ಎ256 ಮಾಡಿ, ಬೇಸ್64ಗೆ ತಿರುಗಿಸಿ, ಕೊನೆಯ ಸಮ ಚಿಹ್ನೆ ಕಿತ್ತರೆ ಅದೇ 43 ಅಕ್ಷರ. ಅದನ್ನು ನನ್ನ ಫೋನಿಗೆ ಕಳಿಸಿ ಎಸ್‌ಎಸ್‌ಎಚ್‌ಎಕ್ಸೆಪ್ಶನ್ ಎಸೆಯುತ್ತದೆ. ಎಸೆಯುವುದನ್ನು ಮರೆಯಬೇಡಿ. ಮೆಥಡ್ ಸುಮ್ಮನೆ ಮುಗಿದರೆ ಒಪ್ಪಿದೆ ಅಂತಲೇ ಅರ್ಥ.

ಎರಡನೆಯದು ಒಳಗಿನ ಶಾಖೆಗಳು. ಮೂರು ಶಾಖೆಗಳಿಗೆ ನನ್ನ ಮನೆಯಿಂದ ನೇರ ದಾರಿಯಿಲ್ಲ, ಮುಖ್ಯ ಕಚೇರಿಯ ಕಂಪ್ಯೂಟರ್ ದಾಟಿಯೇ ಹೋಗಬೇಕು. ಮೊದಲು ಕಚೇರಿಗೆ ಒಂದು ಕ್ಲೈಂಟ್ ಸೇರಿಸಿ. ಅದರ ಟ್ರಾನ್ಸ್‌ಪೋರ್ಟಿನಲ್ಲಿ ಓಪನ್_ಚಾನೆಲ್ ಕರೆದು, ಡೈರೆಕ್ಟ್ ಟಿಸಿಪಿಐಪಿ ಅನ್ನುವ ಬಗೆಯನ್ನೂ ಶಾಖೆಯ ವಿಳಾಸ, 22 ಅನ್ನುವುದನ್ನೂ, ಹೊರಡುವ ಕಡೆಯ ವಿಳಾಸ, ಪೋರ್ಟನ್ನೂ ಕೊಡಿ. ಸಿಕ್ಕ ಚಾನೆಲ್ಲನ್ನು ಎರಡನೇ ಕ್ಲೈಂಟಿನ ಕನೆಕ್ಟ್ ಮೆಥಡ್ಡಿಗೆ ಸಾಕ್ ಅನ್ನುವ ಹೆಸರಿನಲ್ಲಿ ಕೊಟ್ಟುಬಿಡಿ. ಚಾನೆಲ್ ಸಾಕೆಟ್ಟಿನ ಹಾಗೇ ನಡೆದುಕೊಳ್ಳುವುದರಿಂದ ಎರಡನೇ ಕ್ಲೈಂಟಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಪೈಪಿನೊಳಗೆ ಪೈಪು. ನಡುವಿನ ಕಂಪ್ಯೂಟರಿಗೂ ಒಳಗಿನ ಮಾತು ಕೇಳುವುದಿಲ್ಲ. ಮುಖ್ಯ ಕಚೇರಿಯ ಕೀಗೆ ಮಾತ್ರ ರಿಸ್ಟ್ರಿಕ್ಟ್ ಜೊತೆ ಪೋರ್ಟ್ ಫಾರ್ವರ್ಡಿಂಗ್ ಅನ್ನುವ ಪದವನ್ನೂ ಸೇರಿಸಬೇಕು, ಇಲ್ಲದಿದ್ದರೆ ಇದು ನಡೆಯದು.

ಇವೆಲ್ಲವನ್ನೂ ಶಾಖೆ ಅನ್ನುವ ನನ್ನದೇ ಕ್ಲಾಸಿನೊಳಗೆ ಇಟ್ಟಿದ್ದೇನೆ. ಪೈಥಾನ್ 3ರಲ್ಲಿ ಕ್ಲಾಸಿಗೆ, ವೇರಿಯೇಬಲ್ಲಿಗೆ ಕನ್ನಡದಲ್ಲೇ ಹೆಸರಿಡಬಹುದು, ಗೊತ್ತಾ? ಶಾಖೆ.ಬ್ಯಾಕಪ್_ತಾ ಅಂತ ಬರೆದು ಓಡಿಸಿದಾಗ ನನಗೆ ಮಗುವಿನ ಹಾಗೆ ಖುಷಿಯಾಯಿತು.

ಲೈಬ್ರರಿಯನ್ನು ಹಳೇದಾಗಲು ಬಿಡಬೇಡಿ. 2021ರಲ್ಲಿ ಓಪನ್‌ಎಸ್‌ಎಸ್‌ಎಚ್ 8.8 ಬಂದಾಗ ಎಸ್‌ಎಚ್‌ಎ1 ಬಳಸುವ ಹಳೇ ಆರ್‌ಎಸ್‌ಎ ಸಹಿಯನ್ನು ನಿಲ್ಲಿಸಿದರು. ಪ್ಯಾರಾಮಿಕೊ 2.9ಕ್ಕಿಂತ ಹಳೆಯದಿದ್ದ ಕಡೆ ಆರ್‌ಎಸ್‌ಎ ಕೀ ಹಿಡಿದು ಹೋದವರಿಗೆ ಬಾಗಿಲು ಮುಚ್ಚಿತು. 2023ರ ಡಿಸೆಂಬರಿನಲ್ಲಿ ಟೆರಾಪಿನ್ ಅನ್ನುವ ದಾಳಿಯ ವಿಷಯ ಹೊರಬಿತ್ತು, ಅದಕ್ಕೆ 3.4ರಲ್ಲಿ ಮದ್ದು ಕೊಟ್ಟರು. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದರೆ ಈಗಲೇ ಬದಲಿಸಿ.

ಇನ್ನು, ದಿನಕ್ಕೊಂದು ಫೈಲ್ ಒಂದೇ ಸರ್ವರಿಗೆ ಕಳಿಸುವವರು ಇಷ್ಟೆಲ್ಲ ಮಾಡಬೇಕಾಗಿಲ್ಲ. ಆರ್‌ಸಿಂಕ್ ಒಂದು ಸಾಲಿನಲ್ಲಿ ಮುಗಿಸುತ್ತದೆ. ಕಮಾಂಡುಗಳನ್ನೇ ಜಾಸ್ತಿ ಓಡಿಸುವವರಿಗೆ ಪ್ಯಾರಾಮಿಕೊ ಮೇಲೆಯೇ ಕಟ್ಟಿದ ಫ್ಯಾಬ್ರಿಕ್ ಇದೆ. ನನ್ನ ಹಾಗೆ ಪ್ರತಿ ಹೆಜ್ಜೆಯಲ್ಲೂ ನಿಂತು ನೋಡಿ, ತಾಳೆ ಹಾಕಿ, ಮುಂದೆ ಹೋಗಬೇಕಾದವರಿಗೆ ಪ್ಯಾರಾಮಿಕೊ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಫೋನ್ ಗಂಟೆ ಹೊಡೆಯಿತು. ಏಳನೇ ಶಾಖೆ, ಬ್ಯಾಡ್‌ಹೋಸ್ಟ್‌ಕೀಎಕ್ಸೆಪ್ಶನ್. ಉಳಿದ 10 ಶಾಖೆಗಳ ಬ್ಯಾಕಪ್ ಬಂದಿತ್ತು. ಗುಮಾಸ್ತರಿಗೆ ಫೋನ್ ಮಾಡಿದೆ.

"ಹೌದು ಮೇಡಂ, ಮಧ್ಯಾಹ್ನ ಸರ್ವೀಸಿನವರು ಬಂದು ಲಿನಕ್ಸ್ ಹೊಸದಾಗಿ ಹಾಕಿದ್ರು. ನಿಮಗೆ ಹೇಳೋದು ಮರೆತೆ."

"ಪರವಾಗಿಲ್ಲ. ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ. ನಾನು ಹೇಳಿದ್ದನ್ನ ಟೈಪ್ ಮಾಡಿ, ಬಂದದ್ದನ್ನ ಓದಿ."

ಮಾಡಿನ ಮೇಲೆ ಮಳೆ ಹೊಯ್ಯುವ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ದೊಡ್ಡ ಕ್ಯೂ, ಸಣ್ಣ ಎಂ, ಏಳು, ದೊಡ್ಡ ಜಿ... ನಾನು ಪೆನ್ಸಿಲ್ಲಿನಲ್ಲಿ ಒಂದೊಂದೇ ಅಕ್ಷರದ ಕೆಳಗೆ ಚುಕ್ಕೆ ಇಡುತ್ತ ಹೋದೆ. ಇಪ್ಪತ್ತೆರಡನೇ ಅಕ್ಷರಕ್ಕೆ ಅವರು ನಿಂತರು.

"ಮೇಡಂ, ಇದು ಸೊನ್ನೆಯೋ ಓ ಅಕ್ಷರವೋ ಗೊತ್ತಾಗ್ತಿಲ್ಲ."

"ಸೊನ್ನೆ ಆದ್ರೆ ಒಳಗೆ ಒಂದು ಗೀಟು ಇರತ್ತೆ, ಹತ್ತಿರದಿಂದ ನೋಡಿ."

"ಇದೆ, ಇದೆ. ಸೊನ್ನೆ."

ನನ್ನ ಕಡೆಯೂ ಸೊನ್ನೆ. ಮುಂದೆ ಓದಿ ಅಂದೆ.